ಕೀ ಕೈಯಲ್ಲಿರಲಿ, ಆಮೇಲೆ ಎಫ್2 ಒತ್ತೋಣ

ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲೇ, ಅದರಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸನ್ನೂ ಹಾಕಿಕೊಳ್ಳಬೇಕು ಅಂತ ಯಾರನ್ನಾದರೂ ಕೇಳಿ ನೋಡಿ. ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ಬಯಾಸ್‌ಗೆ ಹೋಗು, ಸೆಕ್ಯೂರ್ ಬೂಟ್ ಆಫ್ ಮಾಡು, ಫಾಸ್ಟ್ ಬೂಟ್ ಆಫ್ ಮಾಡು, ಲೆಗಸಿ ಆನ್ ಮಾಡು, ಪೆನ್‌ಡ್ರೈವ್ ಹಾಕು, ಮುಗೀತು. ಯಾಕೆ ಆಫ್ ಮಾಡಬೇಕು, ಮಾಡಿದರೆ ಏನಾಗುತ್ತದೆ, ವಾಪಸ್ ಆನ್ ಮಾಡುವುದು ಯಾವಾಗ, ಇದನ್ನು ಹೇಳುವವರು ಕಡಿಮೆ. ಈ ಮಾತು ನಂಬಿ ಕೆಲಸ ಶುರು ಮಾಡಿದವರಲ್ಲಿ ಕೆಲವರ ಲ್ಯಾಪ್‌ಟಾಪು ಆಮೇಲೆ ವಿಂಡೋಸಿಗೂ ಹೋಗುವುದಿಲ್ಲ, ಲಿನಕ್ಸಿಗೂ ಹೋಗುವುದಿಲ್ಲ. ಅದನ್ನು ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ. ಅಂಗಡಿಯವರು ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ ಕೊಡುತ್ತಾರೆ. ಮಗಳ ಮದುವೆಯ ಫೋಟೋ, ತೋಟದ ಲೆಕ್ಕ, ಬ್ಯಾಂಕಿಗೆ ಬರೆದ ಪತ್ರ ಎಲ್ಲ ಅಲ್ಲಿಗೆ ಹೋಯಿತು.

ಶಿರಸಿ ಸೀಮೆಯಲ್ಲಿ ಇದು ಸಣ್ಣ ವಿಷಯವಲ್ಲ. ನಮ್ಮ ಕಡೆ ಮನೆಗಳು ದೂರ ದೂರ. ತೋಟದ ಮೇಲ್ಗಡೆ ಒಂದು ಮನೆ, ಗುಡ್ಡ ಹತ್ತಿ ಇಳಿದರೆ ಇನ್ನೊಂದು ಮನೆ. ಪೇಟೆಗೆ ಹೋಗಿಬರುವುದೆಂದರೆ ಅರ್ಧ ದಿನ ಬೇಕು. ಮನೆಗೆ ಒಂದೇ ಲ್ಯಾಪ್‌ಟಾಪ್ ಇರುವುದೇ ಜಾಸ್ತಿ. ಅದರಲ್ಲೇ ಮಕ್ಕಳ ಓದು, ದೊಡ್ಡವರ ಲೆಕ್ಕ, ಊರಿನ ಸಂಘದ ಕಾಗದಪತ್ರ ಎಲ್ಲ ನಡೆಯಬೇಕು. ಅಂಥ ಮಷಿನ್ ಒಂದು ವಾರ ಮಲಗಿತು ಅಂದರೆ ಮನೆಯ ಎಷ್ಟೋ ಕೆಲಸ ನಿಲ್ಲುತ್ತದೆ.

ಹಾಗಂತ ಲಿನಕ್ಸ್ ಬೇಡವೇ ಬೇಡ ಅನ್ನುವವನು ನಾನಲ್ಲ. ಬೇಕು ಅಂತಲೇ ಇಷ್ಟು ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಏಳುವಾಗ ತೆರೆಯುವ ಆ ಬಯಾಸ್ ಪರದೆ, ಅಂದರೆ ಫರ್ಮ್‌ವೇರ್ ಪರದೆಯನ್ನು ನೋಡಿ ಹೆದರುವ ಅಗತ್ಯವಿಲ್ಲ. ಆದರೆ ಅಲ್ಲಿರುವ ಒಂದೊಂದು ಸ್ವಿಚ್ ಯಾವುದನ್ನು ಕಾಯುತ್ತಿದೆ ಅಂತ ತಿಳಿದುಕೊಂಡೇ ಮುಟ್ಟಬೇಕು. ತಿಳಿದು ಮುಟ್ಟಿದರೆ ಅದು ನಮ್ಮ ಮಷಿನ್.

ನನ್ನ ಅಕ್ಕನ ಮಗಳು ಎಂಜಿನಿಯರಿಂಗ್ ಓದುತ್ತಾಳೆ. ಕ್ಲಾಸಿನಲ್ಲಿ ಲಿನಕ್ಸ್ ಬೇಕಾಯಿತು. ಮನೆಯಲ್ಲಿರುವ ಲ್ಯಾಪ್‌ಟಾಪು ಅವಳದ್ದೂ ಹೌದು, ಭಾವನದ್ದೂ ಹೌದು. ಭಾವ ಊರಿನ ದೇವಸ್ಥಾನದ ಲೆಕ್ಕ ಬರೆಯುತ್ತಾರೆ. ಯಕ್ಷಗಾನದ ಆಟ ಇಟ್ಟುಕೊಂಡಾಗ ಕರಪತ್ರ ಟೈಪ್ ಮಾಡುವುದೂ ಅವರೇ. ಅದೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ. ಪೇಟೆಯ ಪ್ರೆಸ್ಸಿನವರು ಯೂನಿಕೋಡ್ ಅಲ್ಲದ ಹಳೇ ಆಸ್ಕಿ ನುಡಿ ಫೈಲನ್ನೇ ಕೇಳುತ್ತಾರೆ. ಆ ಫೈಲನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡವೇ ಕಾಣುವುದಿಲ್ಲ, ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಹಾಗಾಗಿ ವಿಂಡೋಸ್ ತೆಗೆಯುವ ಮಾತೇ ಇರಲಿಲ್ಲ.

‘ಮಾವ, ಇದ್ರಲ್ಲಿ ಅಪ್ಪನ ಲೆಕ್ಕ ಎಲ್ಲಾ ಇದ್ದು. ಹೋದ್ರೆ ಎಂತ ಮಾಡವು?’ ಅಂತ ಅವಳು ಮೊದಲೇ ಕೇಳಿದಳು. ಒಳ್ಳೆಯ ಪ್ರಶ್ನೆ. ಕೆಲಸ ಶುರುವಾಗಬೇಕಾದದ್ದು ಅಲ್ಲಿಂದಲೇ.

ಮೊದಲು ಈ ಫರ್ಮ್‌ವೇರ್ ಎಂಬುದು ಎಲ್ಲಿ ಕೂತಿದೆ ಅಂತ ನೋಡೋಣ. ಮದರ್‌ಬೋರ್ಡ್ ಮೇಲಿನ ಒಂದು ಸಣ್ಣ ಚಿಪ್ಪಿನಲ್ಲಿ. ಪವರ್ ಬಟನ್ ಒತ್ತಿದ ಕೂಡಲೇ ಎದ್ದೇಳುವುದು ಅದೇ. ಮೆಮೊರಿ, ಕೀಬೋರ್ಡ್, ಡಿಸ್ಕ್ ಎಲ್ಲ ಸರಿ ಇವೆಯಾ ಅಂತ ನೋಡುತ್ತದೆ. ಆಮೇಲೆ ವಿಂಡೋಸನ್ನೋ ಲಿನಕ್ಸನ್ನೋ ಕರೆದು ಕೆಲಸ ಒಪ್ಪಿಸುತ್ತದೆ. 1981ರ ಐಬಿಎಂ ಪಿಸಿಯಿಂದ ಬಹಳ ಕಾಲ ಈ ಕೆಲಸ ಮಾಡಿದ್ದು ಬಯಾಸ್. ಅದು ಡಿಸ್ಕಿನ ಮೊದಲ 512 ಬೈಟ್ ಓದಿ, ಅಲ್ಲಿ ಏನಿದೆಯೋ ಅದನ್ನೇ ಓಡಿಸುತ್ತಿತ್ತು. ಅಲ್ಲಿ ಜಾಗ ಇದ್ದದ್ದು ಒಬ್ಬರಿಗೆ ಮಾತ್ರ. ಲಿನಕ್ಸ್ ಹಾಕಿದರೆ ವಿಂಡೋಸಿನ ಬೂಟ್ ತುಣುಕು ಅಳಿಸಿಹೋಗುತ್ತಿತ್ತು. ವಿಂಡೋಸ್ ಮತ್ತೆ ಹಾಕಿದರೆ ಲಿನಕ್ಸಿನದು ಹೋಗುತ್ತಿತ್ತು. ‘ಲಿನಕ್ಸ್ ಹಾಕಿದ್ರೆ ವಿಂಡೋಸ್ ಹಾಳಾಗ್ತದೆ’ ಎಂಬ ಭಯ ಆ ಕಾಲದ್ದು. ಆಗ ಅದು ಸರಿಯಾದ ಭಯವೇ ಆಗಿತ್ತು.

ಈಗಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಯುಇಎಫ್‌ಐ. ಇಂಟೆಲ್ ತನ್ನ ಇಟಾನಿಯಂ ಸರ್ವರುಗಳಿಗಾಗಿ ಶುರು ಮಾಡಿದ್ದನ್ನು 2005ರಿಂದ ಹಲವು ಕಂಪನಿಗಳು ಸೇರಿದ ಯುಇಎಫ್‌ಐ ಫೋರಂ ನೋಡಿಕೊಳ್ಳುತ್ತಿದೆ. ಬಾಯಿಮಾತಲ್ಲಿ ಈಗಲೂ ಎಲ್ಲರೂ ಬಯಾಸ್ ಅನ್ನುತ್ತಾರೆ, ಅಡ್ಡಿಯಿಲ್ಲ. ನಮಗೆ ಮುಖ್ಯವಾದ ಬದಲಾವಣೆ ಒಂದು. ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಷನ್ ಅಂತ ಒಂದು ಚಿಕ್ಕ ಭಾಗ ಇರುತ್ತದೆ. ಫ್ಯಾಟ್32 ಮಾದರಿಯದು, ಹೊಸ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ 100 ಅಥವಾ 260 ಎಂಬಿ. ಅದರೊಳಗೆ ಮೈಕ್ರೋಸಾಫ್ಟಿಗೆ ಒಂದು ಫೋಲ್ಡರ್. ಉಬುಂಟು ಎಂಬ ಲಿನಕ್ಸ್ ಹಾಕಿದರೆ ಅದರ ಪಕ್ಕದಲ್ಲಿ ಉಬುಂಟು ಅಂತ ಇನ್ನೊಂದು ಫೋಲ್ಡರ್. ಯಾರೂ ಯಾರನ್ನೂ ಅಳಿಸುವುದಿಲ್ಲ. ಯಾರನ್ನು ಮೊದಲು ಕರೆಯಬೇಕು ಎಂಬ ಪಟ್ಟಿ ಮಾತ್ರ ಫರ್ಮ್‌ವೇರ್ ಚಿಪ್ಪಿನ ನೆನಪಿನಲ್ಲಿರುತ್ತದೆ. ಆ ಪಟ್ಟಿಯನ್ನು ಮೇಲೆ ಕೆಳಗೆ ಮಾಡಿದರೆ ಮುಗಿಯಿತು. ಇದು ಗೊತ್ತಾದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಹಳೇ ಬಯಾಸ್‌ನ ಹಾಗೆ ನಡೆಯುವ ಲೆಗಸಿ ಮೋಡ್ ಆನ್ ಮಾಡಿ ಎಂಬ ಸಲಹೆ ಯಾಕೆ ಅಪಾಯ ಅಂತಲೂ ಇದರಿಂದಲೇ ತಿಳಿಯುತ್ತದೆ. ಯುಇಎಫ್‌ಐ ರೀತಿಯಲ್ಲಿ ಕೂರಿಸಿದ ವಿಂಡೋಸಿಗೆ ಲೆಗಸಿ ದಾರಿಯಲ್ಲಿ ಬರಲು ಆಗುವುದಿಲ್ಲ. ಒಂದು ಆ ದಾರಿ, ಇನ್ನೊಂದು ಈ ದಾರಿ ಅಂತ ಆದರೆ, ಪ್ರತಿ ಸಲ ಫರ್ಮ್‌ವೇರಿಗೆ ಹೋಗಿ ಸ್ವಿಚ್ ಬದಲಿಸುತ್ತ ಕೂರಬೇಕು. ಅದನ್ನು ಮುಟ್ಟಲೇಬೇಡಿ. ಹೊಸ ಮಷಿನ್‌ಗಳಲ್ಲಿ ಎಷ್ಟೋ ಕಡೆ ಆ ಸ್ವಿಚ್ಚೇ ಇಲ್ಲ, ಒಳ್ಳೆಯದೇ ಆಯಿತು.

ಈಗ ಕೀ ವಿಷಯ. ಈ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ.

ವಿಂಡೋಸ್ 11 ಇರುವ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಈಗಾಗಲೇ ಬೀಗ ಹಾಕಿಕೊಂಡಿರುತ್ತದೆ. ಪ್ರೊ ಆವೃತ್ತಿಯಲ್ಲಿ ಅದರ ಹೆಸರು ಬಿಟ್‌ಲಾಕರ್. ಹೋಮ್ ಆವೃತ್ತಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಅದು ತಾನಾಗಿ ಶುರುವಾಗಿರಬಹುದು. 24ಎಚ್2 ಆವೃತ್ತಿಯಿಂದ ಈಚೆಗೆ ಹೊಸದಾಗಿ ವಿಂಡೋಸ್ ಹಾಕಿದ ಮಷಿನ್‌ಗಳಲ್ಲಿ ಇದು ಇನ್ನೂ ಹೆಚ್ಚು. ದಿನದಿನದ ಬಳಕೆಯಲ್ಲಿ ಗೊತ್ತೇ ಆಗುವುದಿಲ್ಲ. ಯಾಕೆಂದರೆ ಬೀಗ ತೆಗೆಯುವ ಕೀ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿರುತ್ತದೆ. ಲ್ಯಾಪ್‌ಟಾಪ್ ಎದ್ದಾಗ ಎಲ್ಲ ಮೊದಲಿನ ಹಾಗೇ ಇದೆಯಾ ಅಂತ ನೋಡಿ ಆ ಚಿಪ್ಪು ಕೀ ಕೊಡುತ್ತದೆ. ಸೆಕ್ಯೂರ್ ಬೂಟ್ ಆನ್ ಇತ್ತು, ಈಗ ಆಫ್ ಆಗಿದೆ ಅಂತಾದರೆ ಅದಕ್ಕೆ ಅನುಮಾನ ಬರುತ್ತದೆ. ಕೀ ಕೊಡುವುದಿಲ್ಲ. ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ.

ಅದು ಚಿಪ್ಪಿನ ತಪ್ಪಲ್ಲ. ಲ್ಯಾಪ್‌ಟಾಪ್ ಕದ್ದವನು ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿದರೂ ಏನೂ ಸಿಗಬಾರದು ಅಂತ ಮಾಡಿದ ವ್ಯವಸ್ಥೆ ಅದು. ಆದರೆ ಆ 48 ಅಂಕಿ ಮನೆಯವರ ಬಳಿಯೂ ಇಲ್ಲ ಅಂದರೆ ಮನೆಯವರಿಗೂ ಏನೂ ಸಿಗುವುದಿಲ್ಲ. ಯಾವ ಅಂಗಡಿಯವರಿಗೂ ಅದನ್ನು ಒಡೆದು ತೆಗೆಯಲು ಆಗುವುದಿಲ್ಲ. ಅದಕ್ಕೇ ಅವರು ಎಲ್ಲ ಅಳಿಸುವುದು.

ಕೀ ಸಾಮಾನ್ಯವಾಗಿ ಆ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ. ಫೋನಿನಿಂದ ಲಾಗಿನ್ ಆಗಿ ಡಿವೈಸುಗಳ ಪಟ್ಟಿಯಲ್ಲಿ ಹುಡುಕಿದರೆ ಸಿಗುತ್ತದೆ. ಇಲ್ಲೊಂದು ತೊಡಕಿದೆ. ಆ ಖಾತೆ ಯಾರದ್ದು? ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ಯಾವುದೋ ಇಮೇಲ್ ಮಾಡಿಕೊಟ್ಟಿರುತ್ತಾನೆ. ಬೆಂಗಳೂರಿನಲ್ಲಿರುವ ಅಣ್ಣ ತನ್ನ ಖಾತೆ ಹಾಕಿಟ್ಟಿರುತ್ತಾನೆ. ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ, ಎಲ್ಲರೂ ನಾಲ್ಕಂಕಿಯ ಪಿನ್ ಹಾಕಿಯೇ ಒಳಗೆ ಹೋಗುತ್ತಿರುತ್ತಾರೆ. ನಮ್ಮ ಕಡೆಯ ಮನೆಗಳಲ್ಲಿ ನಾನು ಇದನ್ನು ಬಹಳ ನೋಡಿದ್ದೇನೆ. ಹಾಗಾಗಿ ಖಾತೆ ಯಾರದು, ಪಾಸ್‌ವರ್ಡ್ ಏನು, ಕೀ ಎಲ್ಲಿದೆ, ಈ ಮೂರೂ ಸಿಗುವ ತನಕ ಮುಂದೆ ಹೋಗಬೇಡಿ. ಅದಕ್ಕೆ ಎರಡು ದಿನ ಹಿಡಿದರೂ ಪರವಾಗಿಲ್ಲ.

ಅಕ್ಕನ ಮಗಳು ಆ 48 ಅಂಕಿಯನ್ನು ಕಾಗದದ ಮೇಲೆ ಬರೆದಳು. ನಾನು ಪರದೆ ನೋಡಿ ಓದಿದೆ, ಅವಳು ಬರೆದದ್ದನ್ನು ವಾಪಸ್ ನನಗೆ ಓದಿ ಹೇಳಿದಳು. ಆ ಕಾಗದವನ್ನು ಭಾವ ಆರ್‌ಟಿಸಿ, ಪಾಸ್‌ಬುಕ್ ಇಡುವ ಟ್ರಂಕಿನಲ್ಲೇ ಇಟ್ಟರು. ಅದೇ ಲ್ಯಾಪ್‌ಟಾಪಿನಲ್ಲಿ ಕೀಯನ್ನು ಸೇವ್ ಮಾಡಿಟ್ಟರೆ ಪ್ರಯೋಜನವಿಲ್ಲ ಅಲ್ವಾ? ಅದರ ಜೊತೆಗೆ ಬೇಕಾದ ಫೈಲುಗಳನ್ನೆಲ್ಲ ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿದೆವು. ಕೀ ಇದೆ ಅಂತ ಬ್ಯಾಕಪ್ ಬಿಡಬಾರದು, ಬ್ಯಾಕಪ್ ಇದೆ ಅಂತ ಕೀ ಬಿಡಬಾರದು. ಎರಡೂ ಆದ ಮೇಲೆ ಬೀಗವನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು. ಬಿಟ್‌ಲಾಕರಿನಲ್ಲಿ ಸಸ್ಪೆಂಡ್ ಅಂತ ಅದಕ್ಕೇ ಒಂದು ಆಯ್ಕೆ ಇದೆ. ಹೋಮ್ ಆವೃತ್ತಿಯ ಸೆಟಿಂಗ್ಸಿನಲ್ಲಾದರೆ ಪೂರ್ತಿ ಆಫ್ ಮಾಡಿ, ಡಿಸ್ಕಿನ ಬೀಗ ಬಿಚ್ಚಿಕೊಳ್ಳುವ ತನಕ ಕಾಯಬಹುದು.

‘ನಂದು ಎಂತೂ ಹೋಗ್ತಿಲ್ಲೆ ಅಲ್ದಾ?’ ಅಂತ ಭಾವ ಆಗಾಗ ಬಂದು ಕೇಳುತ್ತಿದ್ದರು. ಟ್ರಂಕಿನಲ್ಲಿ ಕಾಗದ ಇಟ್ಟ ಮೇಲೆ ಕೇಳಲಿಲ್ಲ.

ಫರ್ಮ್‌ವೇರಿಗೆ ಹೋಗುವ ಮೊದಲು ವಿಂಡೋಸ್ ಒಳಗೇ ಮಾಡಬೇಕಾದ ಇನ್ನೊಂದು ಕೆಲಸ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದು. ವಿಂಡೋಸ್ 8ರಿಂದ ಬಂದದ್ದು ಇದು. ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ತನ್ನ ಕರ್ನೆಲ್, ಅಂದರೆ ಒಳಗಿನ ತಿರುಳು, ಇದ್ದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಬೇಗ ಏಳಲಿ ಅಂತ. ಆ ಸ್ಥಿತಿಯಲ್ಲಿ ಲಿನಕ್ಸಿನಿಂದ ವಿಂಡೋಸಿನ ಡಿಸ್ಕಿಗೆ ಏನಾದರೂ ಬರೆದರೆ ಫೈಲುಗಳು ಕೆಡಬಹುದು. ಅದಕ್ಕಾಗಿ ಲಿನಕ್ಸ್ ಆ ಡಿಸ್ಕನ್ನು ಓದಲು ಮಾತ್ರ ಬಿಡುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಇದರ ಟಿಕ್ ತೆಗೆದುಬಿಡಿ. ಫರ್ಮ್‌ವೇರಿನಲ್ಲಿರುವ ಫಾಸ್ಟ್ ಬೂಟ್ ಬೇರೆ, ಇದು ಬೇರೆ. ಅಲ್ಲಿನ ಫಾಸ್ಟ್ ಬೂಟ್ ಮಾಡುವುದು ಏಳುವಾಗಿನ ಪರೀಕ್ಷೆಗಳನ್ನು ಹಾರಿಸುವುದು. ಅದು ಆನ್ ಇದ್ದರೆ ಕೆಲವು ಮಷಿನ್‌ಗಳಲ್ಲಿ ಎಫ್2 ಒತ್ತಿದ್ದು ಗೊತ್ತಾಗುವುದೇ ಇಲ್ಲ, ಯುಎಸ್‌ಬಿ ಪೆನ್‌ಡ್ರೈವ್ ಕಾಣುವುದಿಲ್ಲ. ಹಾಗಾದರೆ ಮಾತ್ರ ಅದನ್ನು ಆಫ್ ಮಾಡಿ.

ಜಾಗ ಬಿಡಿಸಿಕೊಳ್ಳುವುದನ್ನೂ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಮಾಡಿ. ಶ್ರಿಂಕ್ ಅಂತ ಇರುತ್ತದೆ. ಲಿನಕ್ಸ್ ಮಿಂಟಿನವರು ಕನಿಷ್ಠ 20 ಜಿಬಿ ಅನ್ನುತ್ತಾರೆ, 100 ಜಿಬಿ ಕೊಟ್ಟರೆ ಆರಾಮ. ಮಳೆಗಾಲದಲ್ಲಿ ಈ ಕೆಲಸ ಮಾಡುವುದಾದರೆ ಬ್ಯಾಟರಿ ತುಂಬಿದ ಮೇಲೆ, ಚಾರ್ಜರ್ ಹಾಕಿಯೇ ಮಾಡಿ. ಘಟ್ಟದ ಮೇಲೆ ಜೋರು ಗಾಳಿ ಬಂದರೆ ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ. ಕರೆಂಟು ಬರುವುದು ಯಾವಾಗಲೋ.

ಇಷ್ಟಾದ ಮೇಲೆ ಪರದೆ. ಒಳಗೆ ಹೋಗುವ ದಾರಿ ಕಂಪನಿಗೊಂದು. ಡೆಲ್, ಏಸರ್, ಏಸಸ್ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎಫ್2. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್10. ಲೆನೊವೊದ ಕೆಲವಲ್ಲಿ ಪಕ್ಕದಲ್ಲೊಂದು ಸೂಜಿತೂತಿನ ನೋವೊ ಬಟನ್ ಇರುತ್ತದೆ. ಬೆರಳು ಚುರುಕಿಲ್ಲದವರಿಗೆ ಎಲ್ಲಕ್ಕಿಂತ ಸುಲಭದ ದಾರಿ ವಿಂಡೋಸಿನಲ್ಲೇ ಇದೆ. ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಅಲ್ಲಿ ಯುಇಎಫ್‌ಐ ಫರ್ಮ್‌ವೇರ್ ಸೆಟಿಂಗ್ಸ್. ಅದು ನೇರ ಒಳಗೆ ಬಿಡುತ್ತದೆ.

ಒಳಗೆ ಹೋದ ಮೇಲೆ ಮೊದಲ ಕೆಲಸ ಫೋನಿನಲ್ಲಿ ಫೋಟೋ ತೆಗೆಯುವುದು. ಒಂದೊಂದು ಪುಟದ್ದೂ. ಏನೂ ಬದಲಿಸದೆ ಹೊರಗೆ ಬನ್ನಿ. ನಾಳೆ ಏನಾದರೂ ಏರುಪೇರಾದರೆ ಮೊದಲು ಹೇಗಿತ್ತು ಅಂತ ನೋಡಲು ಅದು ಬೇಕು. ಆಮೇಲೆ ಬದಲಿಸುವಾಗಲೂ ಒಂದು ಸಲಕ್ಕೆ ಒಂದೇ ಸ್ವಿಚ್. ಬದಲಿಸಿ, ಸೇವ್ ಮಾಡಿ, ವಿಂಡೋಸ್ ಬರುತ್ತದಾ ನೋಡಿ, ಬಂದರೆ ಮುಂದಿನದು. ಒಟ್ಟಿಗೆ ನಾಲ್ಕು ಬದಲಿಸಿದರೆ ತೊಂದರೆ ಯಾವುದರಿಂದ ಬಂತು ಅಂತ ಹೇಗೆ ಗೊತ್ತಾಗಬೇಕು? ಹತ್ತಿರದಲ್ಲಿ ಕೇಳಲು ಯಾರೂ ಇಲ್ಲದ ಊರಿನಲ್ಲಿ ಈ ನಿಧಾನವೇ ನಮ್ಮ ರಕ್ಷಣೆ.

ಈಗ ಸೆಕ್ಯೂರ್ ಬೂಟ್. ಎಲ್ಲರೂ ಮೊದಲು ಆಫ್ ಮಾಡಿಸುವ ಸ್ವಿಚ್ ಇದೇ. ಆಫ್ ಮಾಡುವುದು ಬೇಡ ಅಂತ ನಾನು ಹೇಳುವುದೂ ಇದನ್ನೇ.

2012ರಲ್ಲಿ ವಿಂಡೋಸ್ 8 ಬಂದಾಗ ಹೊಸ ಮಷಿನ್‌ಗಳಲ್ಲಿ ಸೆಕ್ಯೂರ್ ಬೂಟ್ ಆನ್ ಆಗಿಯೇ ಬರಬೇಕು ಅಂತ ಮೈಕ್ರೋಸಾಫ್ಟ್ ಹೇಳಿತು. ವಿಂಡೋಸ್ ಏಳುವ ಮೊದಲೇ ಒಳಗೆ ನುಸುಳುವ ಕೆಟ್ಟ ಪ್ರೋಗ್ರಾಂಗಳಿವೆ. ಆಂಟಿವೈರಸ್ಸಿಗೆ ಅವು ಕಾಣುವುದೇ ಇಲ್ಲ. ಅವನ್ನು ತಡೆಯಲು ಫರ್ಮ್‌ವೇರ್, ಸಹಿ ಇರುವ ಬೂಟ್ ಪ್ರೋಗ್ರಾಮನ್ನು ಮಾತ್ರ ಓಡಿಸಬೇಕು ಅನ್ನುವುದು ಯೋಚನೆ. ಕಾರಣ ಸರಿ. ಆದರೆ ಫರ್ಮ್‌ವೇರಿಗೆ ಗೊತ್ತಿರುವ ಸಹಿ ಮುಖ್ಯವಾಗಿ ಮೈಕ್ರೋಸಾಫ್ಟಿನದೇ. ಹಾಗಾದರೆ ನಾವು ಹಣ ಕೊಟ್ಟು ಕೊಂಡ ಮಷಿನ್‌ನಲ್ಲಿ ಏನು ಓಡಬೇಕು ಅಂತ ಹೇಳುವವರು ಯಾರು? ಆಗ ಸಾಫ್ಟ್‌ವೇರ್ ಬಳಸುವವರ ಸ್ವಾತಂತ್ರ್ಯಕ್ಕಾಗಿ ಕೆಲಸ ಮಾಡುವ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನವರು ಇದೇ ಪ್ರಶ್ನೆ ಎತ್ತಿದರು. ಬೇಕೆಂದರೆ ಆಫ್ ಮಾಡುವ ಹಕ್ಕು ಬಳಸುವವರಿಗೆ ಇರಬೇಕು ಎಂಬ ನಿಯಮ ಆಗ ಪಿಸಿಗಳಿಗೆ ಇತ್ತು. ವಿಂಡೋಸ್ 10ರ ಕಾಲಕ್ಕೆ ಅದು ತಯಾರಕರ ಇಷ್ಟಕ್ಕೆ ಬಿಟ್ಟ ವಿಷಯವಾಯಿತು. ನನಗೆ ಇದು ಇವತ್ತಿಗೂ ಸರಿ ಅನ್ನಿಸಿಲ್ಲ. ಆಫ್ ಮಾಡುವ ಸ್ವಿಚ್ ಪ್ರತಿ ಮಷಿನ್‌ನಲ್ಲೂ ಇರಲೇಬೇಕು.

ಲಿನಕ್ಸಿನವರು ಇದಕ್ಕೆ ಕಂಡುಕೊಂಡ ದಾರಿಯ ಹೆಸರು ಶಿಮ್. ಮ್ಯಾಥ್ಯೂ ಗ್ಯಾರೆಟ್ ಎಂಬ ಡೆವಲಪರ್ ಇದರಲ್ಲಿ ಬಹಳ ಕೆಲಸ ಮಾಡಿದರು. ನಮ್ಮೂರಲ್ಲಿ ಹೊಸಬರು ಅಂಗಳಕ್ಕೆ ಬಂದರೆ ‘ಯಾವೂರು, ಯಾರ ಮನೆ ಕಡೆಯವರು?’ ಅಂತ ಕೇಳುತ್ತಾರೆ. ಜೊತೆಗೆ ಬಂದ ಪರಿಚಯದವರು ‘ನಮ್ಮ ಕಡೆಯವರೇ’ ಅಂದರೆ ಜಗಲಿಗೆ ಕರೆದು ಬೆಲ್ಲ ನೀರು ಕೊಡುತ್ತಾರೆ. ಶಿಮ್ ಆ ಪರಿಚಯದವರ ಕೆಲಸ ಮಾಡುತ್ತದೆ. ಅದು ಒಂದು ಪುಟ್ಟ ಪ್ರೋಗ್ರಾಂ, ಅದರ ಮೇಲೆ ಮೈಕ್ರೋಸಾಫ್ಟಿನ ಸಹಿ ಇದೆ. ಫರ್ಮ್‌ವೇರ್ ಅದನ್ನು ಒಳಗೆ ಬಿಡುತ್ತದೆ. ಅದರೊಳಗೆ ಉಬುಂಟುವಿನದೋ, ಫೆಡೋರಾ ಎಂಬ ಇನ್ನೊಂದು ಲಿನಕ್ಸಿನದೋ ಕೀ ಇರುತ್ತದೆ. ಆ ಕೀಯಿಂದ ಅದು ಯಾವುದನ್ನು ಎಬ್ಬಿಸಬೇಕು ಅಂತ ಕೇಳುವ ಗ್ರಬ್ ಎಂಬ ಪ್ರೋಗ್ರಾಮನ್ನೂ ಲಿನಕ್ಸ್ ಕರ್ನೆಲ್ಲನ್ನೂ ಪರೀಕ್ಷಿಸಿ ಒಳಗೆ ಕರೆಯುತ್ತದೆ. 2012ರ ಕೊನೆಯ ಹೊತ್ತಿಗೆ ಉಬುಂಟು, ಅದರ ಹಿಂದೆಯೇ ಫೆಡೋರಾ ಸೆಕ್ಯೂರ್ ಬೂಟ್ ಆನ್ ಇದ್ದಾಗಲೇ ಏಳಲು ಕಲಿತವು. ಈಗ ಡೆಬಿಯನ್, ಮಿಂಟ್ ಕೂಡ ಹಾಗೆಯೇ.

ಅಂದ ಮೇಲೆ ಇವುಗಳನ್ನು ಹಾಕಲು ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವೇ ಇಲ್ಲ. ಮೊದಲು ಆನ್ ಇಟ್ಟೇ ನೋಡಿ. ಹೊಸ ಕೆಲವು ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಕೀಯನ್ನು ಒಪ್ಪಬೇಕೋ ಬೇಡವೋ ಅಂತ ಬೇರೆ ಸ್ವಿಚ್ ಇರುತ್ತದೆ, ಅದು ಆಫ್ ಆಗಿ ಬಂದಿರುತ್ತದೆ. ಶಿಮ್ ಮೇಲಿರುವ ಸಹಿ ಆ ಕೀಯದು. ಅದನ್ನು ಆನ್ ಮಾಡಿದರೆ ಸಾಕು, ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಿಲ್ಲ. ಏಸರಿನ ಹಲವು ಮಾದರಿಗಳಲ್ಲಿ ಈ ಸೆಟಿಂಗುಗಳು ಮಸುಕಾಗಿ ಕಾಣುತ್ತವೆ, ಒತ್ತಲು ಬರುವುದಿಲ್ಲ. ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟ ಮೇಲೆ ತೆರೆದುಕೊಳ್ಳುತ್ತವೆ. ಇಟ್ಟರೆ ದಯವಿಟ್ಟು ಅದನ್ನೂ ಆ ಟ್ರಂಕಿನ ಕಾಗದದಲ್ಲಿ ಬರೆಯಿರಿ. ವಿಂಡೋಸಿನ ಪಾಸ್‌ವರ್ಡ್ ಮರೆತರೆ ದಾರಿ ಇದೆ. ಫರ್ಮ್‌ವೇರ್ ಪಾಸ್‌ವರ್ಡ್ ಮರೆತರೆ ಸರ್ವಿಸ್ ಸೆಂಟರೇ ಗತಿ. ಕೆಲಸ ಮುಗಿದ ಮೇಲೆ ತೆಗೆದುಹಾಕಿದರೆ ಇನ್ನೂ ಒಳ್ಳೆಯದು.

ಎನ್‌ವಿಡಿಯಾ ಗ್ರಾಫಿಕ್ಸ್ ಇರುವವರಿಗೆ, ಕೆಲವು ವೈಫೈ ಚಿಪ್ ಇರುವವರಿಗೆ ಇನ್ನೊಂದು ಹೆಜ್ಜೆ ಬರುತ್ತದೆ. ಅವುಗಳನ್ನು ನಡೆಸುವ ಡ್ರೈವರ್ ಪ್ರೋಗ್ರಾಂ ನಮ್ಮ ಮಷಿನ್‌ನಲ್ಲೇ ತಯಾರಾಗುವಂಥದ್ದಾದರೆ ಅದಕ್ಕೆ ಸಹಿ ನಾವೇ ಹಾಕಬೇಕು. ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬಂದು ಕೆಲವೇ ಕ್ಷಣ ಕಾಯುತ್ತದೆ. ಆಗ ಎನ್‌ರೋಲ್ ಅನ್ನುವುದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ನೀಲಿ ಪರದೆ ನೋಡಿ ಹೆದರಿ ಪವರ್ ಬಟನ್ ಒತ್ತುವವರು ಬಹಳ. ಹೆದರಬೇಡಿ. ಈ ಮಷಿನ್‌ನ ಮಾಲೀಕರು ನೀವೇ ಹೌದಾ ಅಂತ ಅದು ಕೇಳುತ್ತಿದೆ. ಇಲ್ಲಿ ಸೇರುವ ಕೀಯ ಹೆಸರೇ ಮಷಿನ್ ಓನರ್ ಕೀ. ಈ ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು. ಯಾವ ಕಂಪನಿಯನ್ನೂ ಕೇಳದೆ, ಮನೆಯಲ್ಲಿ ಕೂತ ಹುಡುಗಿಯೊಬ್ಬಳು ತನ್ನ ಮಷಿನ್‌ಗೆ ತನ್ನದೇ ಕೀ ಕೊಡುತ್ತಾಳೆ.

ಡಿಸ್ಕ್ ವಿಷಯದಲ್ಲಿ ಒಂದು ತೊಡಕು ಬರಬಹುದು. ಇಂಟೆಲ್ ಚಿಪ್ಪಿನ ಕೆಲವು ಮಷಿನ್‌ಗಳಲ್ಲಿ ಸ್ಟೋರೇಜ್ ಮೋಡ್ ರೇಡ್ ಅಥವಾ ಆರ್‌ಎಸ್‌ಟಿ ಅಂತ ಇರುತ್ತದೆ. ಆಗ ಲಿನಕ್ಸಿಗೆ ಎಸ್‌ಎಸ್‌ಡಿ ಕಾಣದೇ ಇರಬಹುದು. ಮೊದಲು ಪೆನ್‌ಡ್ರೈವಿನಿಂದ ಲೈವ್ ಆಗಿ, ಅಂದರೆ ಡಿಸ್ಕಿಗೆ ಹಾಕದೆಯೇ, ಲಿನಕ್ಸನ್ನು ಓಡಿಸಿ ನೋಡಿ. ಡಿಸ್ಕ್ ಕಂಡರೆ ಈ ಸ್ವಿಚ್ ಮುಟ್ಟಬೇಡಿ. ಕಾಣದಿದ್ದರೆ ಮಾತ್ರ ಎಎಚ್‌ಸಿಐ ಎಂಬ ಇನ್ನೊಂದು ಮೋಡಿಗೆ ಬದಲಿಸಬೇಕು. ಆದರೆ ನೇರವಾಗಿ ಬದಲಿಸಿದರೆ ವಿಂಡೋಸಿಗೆ ತನ್ನದೇ ಡಿಸ್ಕ್ ಸಿಗುವುದಿಲ್ಲ, ಏಳುವುದಿಲ್ಲ. ಮೊದಲು ವಿಂಡೋಸಿನ ಸಿಸ್ಟಂ ಕಾನ್ಫಿಗರೇಶನ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ. ಆಮೇಲೆ ಫರ್ಮ್‌ವೇರಿಗೆ ಹೋಗಿ ಎಎಚ್‌ಸಿಐ ಮಾಡಿ. ವಿಂಡೋಸ್ ಸೇಫ್ ಮೋಡಿನಲ್ಲಿ ಎದ್ದು ಬೇಕಾದ ಡ್ರೈವರ್ ಹಿಡಿದುಕೊಳ್ಳುತ್ತದೆ. ಆಗ ಟಿಕ್ ತೆಗೆದರೆ ಮುಂದಿನ ಸಲ ಮಾಮೂಲಾಗಿ ಬರುತ್ತದೆ. ಸೇಫ್ ಮೋಡಿನಲ್ಲಿ ಪಿನ್ ನಡೆಯದೆ ಪೂರ್ತಿ ಪಾಸ್‌ವರ್ಡ್ ಕೇಳಬಹುದು. ಪಾಸ್‌ವರ್ಡ್ ಹುಡುಕಿಟ್ಟುಕೊಳ್ಳಿ ಅಂತ ಮೊದಲೇ ಹೇಳಿದ್ದು ಇದಕ್ಕೂ ಸೇರಿಸಿ.

ಇನ್‌ಸ್ಟಾಲ್ ಮಾಡುವುದು ಇದರ ಮುಂದೆ ಸಣ್ಣ ಕೆಲಸ. ಮಿಂಟಿನ ಫೈಲು 3 ಜಿಬಿ ಆಸುಪಾಸು, 8 ಜಿಬಿ ಪೆನ್‌ಡ್ರೈವ್ ಸಾಕು. ಮನೆಯಲ್ಲಿ ನೆಟ್ ನಿಧಾನವಿದ್ದರೆ ಪೇಟೆಗೆ ಹೋದಾಗ ಇಳಿಸಿಕೊಂಡು ಬನ್ನಿ. ಅರ್ಧಕ್ಕೆ ತುಂಡಾಗಿ ಇಳಿದಿರಬಹುದು, ಅದಕ್ಕೆ ಫೈಲು ಪೂರ್ತಿ ಸರಿಯಾಗಿದೆಯಾ ಅಂತ ತಾಳೆ ನೋಡುವ ಚೆಕ್‌ಸಮ್ ನೋಡುವುದು ಬಿಡಬೇಡಿ. ಲೈವ್ ಆಗಿ ಓಡಿಸಿದಾಗ ವೈಫೈ, ಸೌಂಡು, ಟಚ್‌ಪ್ಯಾಡ್ ನೋಡಿಕೊಳ್ಳಿ. ವೈಫೈ ಬರದಿದ್ದರೆ ಫೋನನ್ನು ಕೇಬಲ್ಲಿನಿಂದ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಸಾಮಾನ್ಯವಾಗಿ ಕೂಡಲೇ ನೆಟ್ ಬರುತ್ತದೆ. ಇನ್‌ಸ್ಟಾಲರಿನಲ್ಲಿ ಇರೇಸ್ ಡಿಸ್ಕ್ ಎಂಬ ಸಾಲಿನ ಹತ್ತಿರ ಹೋಗಬೇಡಿ. ಇಎಫ್‌ಐ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡಬೇಡಿ. ಉಳಿದದ್ದು ಅದೇ ಕೇಳುತ್ತ ಹೋಗುತ್ತದೆ.

ಮುಗಿದ ಮೇಲೆ ಲ್ಯಾಪ್‌ಟಾಪ್ ಸೀದಾ ವಿಂಡೋಸಿಗೇ ಹೋಗಬಹುದು. ಗಾಬರಿ ಬೇಡ. ಫರ್ಮ್‌ವೇರಿನ ಬೂಟ್ ಪಟ್ಟಿಯಲ್ಲಿ ಉಬುಂಟು ಎಂಬ ಹೆಸರನ್ನು ಮೇಲೆ ತನ್ನಿ, ಮಿಂಟ್ ಹಾಕಿದರೂ ಅಲ್ಲಿ ಕಾಣುವುದು ಸಾಮಾನ್ಯವಾಗಿ ಅದೇ ಹೆಸರು. ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ ಮೇಲೆ ಈ ಪಟ್ಟಿ ಮತ್ತೆ ತಲೆಕೆಳಗಾಗಬಹುದು, ಮತ್ತೆ ಸರಿ ಮಾಡಿದರಾಯಿತು. 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟ್ ಹಳೆಯ ಶಿಮ್‌ಗಳನ್ನು ತಿರಸ್ಕರಿಸುವಂತೆ ಮಾಡಿ, ಎರಡೂ ಇಟ್ಟುಕೊಂಡ ಕೆಲವರ ಲಿನಕ್ಸ್ ಏಳದೇ ಹೋಗಿತ್ತು. ಲಿನಕ್ಸನ್ನು ಹಾಕಿ ಮರೆಯದೆ ಅಪ್‌ಡೇಟ್ ಮಾಡುತ್ತಿರಬೇಕು ಅನ್ನುವುದಕ್ಕೆ ಅದೊಂದು ಕಾರಣ.

ಇನ್ನು ಗಡಿಯಾರ. ಲಿನಕ್ಸಿನಿಂದ ವಿಂಡೋಸಿಗೆ ಹೋದಾಗ ಸಮಯ ಐದೂವರೆ ಗಂಟೆ ಹಿಂದೆ ಬೀಳುತ್ತದೆ. ರಾತ್ರಿ 9 ಗಂಟೆಗೆ ಮಧ್ಯಾಹ್ನ 3.30 ಅಂತ ತೋರಿಸುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ನಮ್ಮ ಊರಿನ ಸಮಯ ಬರೆಯುತ್ತದೆ, ಲಿನಕ್ಸ್ ಗ್ರೀನಿಚ್ ಲೆಕ್ಕದ ಯುಟಿಸಿ ಬರೆಯುತ್ತದೆ. ವ್ಯತ್ಯಾಸ ಸರಿಯಾಗಿ ನಮ್ಮ 5 ಗಂಟೆ 30 ನಿಮಿಷ. ನೆಟ್ ಇದ್ದರೆ ಸ್ವಲ್ಪ ಹೊತ್ತಿಗೆ ತಾನೇ ಸರಿಯಾಗಬಹುದು. ನೆಟ್ ಇಲ್ಲದ ಮನೆಯಲ್ಲಿ ಹಾಗೇ ಉಳಿಯುತ್ತದೆ. ಭಾವನ ಲೆಕ್ಕದ ಫೈಲುಗಳಿಗೆ ತಪ್ಪು ಸಮಯ ಬಿದ್ದರೆ ಯಾವುದು ಹೊಸದು ಯಾವುದು ಹಳೇದು ಅಂತ ತಿಳಿಯುವುದು ಕಷ್ಟ. ಲಿನಕ್ಸಿಗೇ ಊರಿನ ಸಮಯ ಬಳಸು ಅಂತ ಹೇಳುವ ಒಂದು ಸಾಲಿನ ಆದೇಶ ಇದೆ, ಅದನ್ನು ಕೊಟ್ಟೆವು.

ಈಗ ಅವಳ ಲಿನಕ್ಸಿನಲ್ಲಿ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ ಇದೆ, ಗುಬ್ಬಿ ಮತ್ತು ನವಿಲು ಫಾಂಟುಗಳಿವೆ. ಯೂನಿಕೋಡ್ ಕನ್ನಡ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಭಾವನ ನುಡಿ ವಿಂಡೋಸಿನಲ್ಲೇ ಇದೆ. ಡಿಸ್ಕಿನ ಬೀಗವನ್ನು ಮತ್ತೆ ಹಾಕಿದೆವು. ಸೆಕ್ಯೂರ್ ಬೂಟ್ ಆಫ್ ಮಾಡಲೇ ಇಲ್ಲ.

ಉಳಿದಿರುವ ಕೆಲಸ ಒಂದು. ಸೆಕ್ಯೂರ್ ಬೂಟಿನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತ ಬರುತ್ತದೆ, ಅವುಗಳ ಜಾಗಕ್ಕೆ 2023ರವು ಬರುತ್ತಿವೆ. ಅವಧಿ ಮುಗಿದ ದಿನ ಲ್ಯಾಪ್‌ಟಾಪ್ ನಿಂತುಹೋಗುವುದಿಲ್ಲ. ಆದರೆ ಮುಂದಿನ ಬೂಟ್ ಅಪ್‌ಡೇಟುಗಳಿಗೆ ಹೊಸ ಕೀ ಬೇಕು. ವಿಂಡೋಸ್ ಅಪ್‌ಡೇಟಿನಲ್ಲೋ ತಯಾರಕರ ಫರ್ಮ್‌ವೇರ್ ಅಪ್‌ಡೇಟಿನಲ್ಲೋ ಅದು ಬರುತ್ತದೆ. ಫರ್ಮ್‌ವೇರ್ ಬರೆಯುವಾಗ ನಡುವೆ ಕರೆಂಟು, ಬ್ಯಾಟರಿ ಎರಡೂ ಕೈಕೊಟ್ಟರೆ ಮದರ್‌ಬೋರ್ಡೇ ಹೋದೀತು. ಅಂಥ ಅಪ್‌ಡೇಟ್ ಬಂದರೆ ಮಳೆ ನಿಂತು ಲೈನ್ ಸರಿಯಾದ ಮೇಲೆ, ಬೀಗ ಸಸ್ಪೆಂಡ್ ಮಾಡಿ, ಟ್ರಂಕಿನ ಕಾಗದ ಹೊರಗೆ ತೆಗೆದಿಟ್ಟುಕೊಂಡು ಹಾಕಬೇಕು. ಅಕ್ಕನ ಮಗಳಿಗೆ ಹೇಳಿದ್ದೇನೆ. ‘ಅಡ್ಡಿಲ್ಲೆ ಮಾವ, ಆನೇ ಮಾಡ್ತಿ’ ಅಂದಿದ್ದಾಳೆ.